ಕೊಲೆಸ್ಟ್ರಾಲ್ ಮಾತ್ರೆಯ ಜಗಳದಲ್ಲಿ ಅಪ್ಪನಿಗೇನು ಕೆಲಸ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಪುತ್ತೂರಿನ ಹತ್ತಿರ ಅಡಿಕೆ ತೋಟವಿದೆ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಮಂಗಳೂರಿನಲ್ಲಿ ಒಂದು ಸ್ಟೆಂಟ್ ಹಾಕಿದರು. ಆಗಿನಿಂದ ಬೇರೆ ಮಾತ್ರೆಗಳ ಜೊತೆ ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ 40 ತೆಗೆದುಕೊಳ್ಳುತ್ತಿದ್ದರು. ಮೂರು ತಿಂಗಳ ಹಿಂದೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ವಿಡಿಯೊ ನೋಡಿ ಬಿಟ್ಟುಬಿಟ್ಟರು. ಕೊಲೆಸ್ಟ್ರಾಲ್‌ಗೂ ಹೃದಯಕ್ಕೂ ಸಂಬಂಧವಿಲ್ಲ ಅಂತ ವಿದೇಶದ ದೊಡ್ಡ ಡಾಕ್ಟರುಗಳೇ ಒಪ್ಪಿಕೊಂಡಿದ್ದಾರೆ, ಇದೆಲ್ಲ ಕಂಪನಿಗಳ ದಂಧೆ ಎಂದು ಅದರಲ್ಲಿತ್ತು. ಈಗ ದಿನಾ ಬೆಳಿಗ್ಗೆ ಎರಡು ಚಮಚ ತೆಂಗಿನೆಣ್ಣೆ ಕುಡಿಯುತ್ತಾರೆ. ಕಾಲುನೋವು ಹೋಯಿತು ಎನ್ನುತ್ತಾರೆ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 68 ಇದ್ದದ್ದು 141 ಆಗಿದೆ. ಅವರ ಜೊತೆ ನಾನೂ ಪರೀಕ್ಷೆ ಮಾಡಿಸಿದೆ. ನನಗೆ 34 ವರ್ಷ, ನನ್ನ ಎಲ್‌ಡಿಎಲ್ 138. ಬಿಪಿ, ಶುಗರ್ ಇಲ್ಲ. ಹಾಗಾದರೆ ನಾನೂ ಮಾತ್ರೆ ಶುರು ಮಾಡಬೇಕೇ? ಯಾರ ಮಾತು ನಂಬುವುದು?

ಉತ್ತರ: ಮೊದಲು ತುರ್ತಿನ ಮಾತು ಮುಗಿಸೋಣ. ಈ ವಾರವೇ ನಿಮ್ಮ ತಂದೆಯವರನ್ನು ಸ್ಟೆಂಟ್ ಹಾಕಿದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಮಾತ್ರೆ ಮತ್ತೆ ಶುರು ಮಾಡಿಸಿ. ಹೋಗುವ ಮೊದಲು ಅವರ ಮಾತ್ರೆ ಡಬ್ಬಿ ತೆಗೆದು ನೋಡಿ. ಕೊಲೆಸ್ಟ್ರಾಲ್ ಮಾತ್ರೆ ಒಂದನ್ನೇ ಬಿಟ್ಟೆ ಎಂದು ಹೇಳುವವರ ಪೈಕಿ ಆಸ್ಪಿರಿನ್ನೂ ಬಿಟ್ಟವರು, ಬಿಪಿ ಮಾತ್ರೆ ದಿನ ಬಿಟ್ಟು ದಿನ ನುಂಗುವವರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ. ನಂಬಿಕೆ ಒಂದು ಮಾತ್ರೆಯ ಮೇಲೆ ಹೋದರೆ ಡಬ್ಬಿಯ ಮೇಲೇ ಹೋಗುತ್ತದೆ. ಸ್ಟ್ರಿಪ್ಪುಗಳ ಮೇಲಿನ ತಾರೀಕು, ಉಳಿದ ಮಾತ್ರೆಗಳ ಲೆಕ್ಕ ನೋಡಿದರೆ ನಿಮಗೇ ತಿಳಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಅಪ್ಪನಿಗೆ 141, ಮಗಳಿಗೆ 138. ಲ್ಯಾಬಿನ ಕಾಗದದಲ್ಲಿ ಎರಡೂ ಒಂದೇ. ಆದರೂ ನನ್ನ ಉತ್ತರ ಅವರಿಗೆ ಒಂದು, ನಿಮಗೆ ಇನ್ನೊಂದು. ನಿಮ್ಮ ತಂದೆಯವರ ಅಟೊರ್ವಾಸ್ಟಾಟಿನ್ ಸೇರಿದ, ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗಳ ಗುಂಪಿಗೆ ಸ್ಟಾಟಿನ್ ಎಂದು ಹೆಸರು. ಅದರ ಬಗ್ಗೆ ಜಗತ್ತಿನಲ್ಲಿ ದೊಡ್ಡ ಜಗಳವೇ ನಡೆದಿದೆ, ನಿಜ. ಆದರೆ ಆ ಜಗಳ ನಡೆದದ್ದು ಬಹುಪಾಲು ನಿಮ್ಮಂಥವರ ಬಗ್ಗೆ. ನಿಮ್ಮ ತಂದೆಯಂಥವರ ಬಗ್ಗೆ ಅಲ್ಲ.

ವಿಡಿಯೊಗಳಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಬ್ರಿಟನ್ನಿನ ಪ್ರಕರಣವನ್ನೇ ತೆಗೆದುಕೊಳ್ಳಿ. ಅಲ್ಲಿ ಆಗ ಇದ್ದ ನಿಯಮದ ಪ್ರಕಾರ, ಹೃದಯದ ಕಾಯಿಲೆ ಇಲ್ಲದವರಿಗೆ ಸ್ಟಾಟಿನ್ ಕೊಡಬೇಕಾದರೆ ಮುಂದಿನ ಹತ್ತು ವರ್ಷದಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆಗುವ ಸಂಭವ ನೂರಕ್ಕೆ 20 ಇರಬೇಕಿತ್ತು. ಅದನ್ನು 10ಕ್ಕೆ ಇಳಿಸುವ ಮಾತು ನಡೆಯಿತು. ನೈಸ್ ಎಂಬ ಸರ್ಕಾರಿ ಸಂಸ್ಥೆ 2014ರ ಜುಲೈನಲ್ಲಿ ಇಳಿಸಿಯೂ ಇಳಿಸಿತು. ಇದರಿಂದ ಇನ್ನೂ ಸುಮಾರು 45 ಲಕ್ಷ ಜನ, ಅಂದರೆ ಮೈಮೇಲೆ ಯಾವ ಕಾಯಿಲೆಯೂ ಕಾಣದವರು, ಮಾತ್ರೆಗೆ ಅರ್ಹರಾದರು. ಆರೋಗ್ಯವಂತರನ್ನೆಲ್ಲ ರೋಗಿಗಳನ್ನಾಗಿ ಮಾಡುತ್ತಿದ್ದೀರಿ ಎಂದು ಕೆಲವು ವೈದ್ಯರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದು ಎಂದೇ ನನಗೂ ಅನಿಸಿತ್ತು.

ಈ ನಡುವೆ 2013ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎರಡು ಲೇಖನ ಪ್ರಕಟಿಸಿತು. ಸ್ಟಾಟಿನ್ ತೆಗೆದುಕೊಳ್ಳುವವರಲ್ಲಿ ನೂರಕ್ಕೆ 18ರಿಂದ 20 ಮಂದಿಗೆ ಅಡ್ಡಪರಿಣಾಮ ಆಗುತ್ತದೆ ಎಂದು ಅವುಗಳಲ್ಲಿತ್ತು. ಆಕ್ಸ್‌ಫರ್ಡ್‌ನ ಸಂಶೋಧಕ, ಸ್ಟಾಟಿನ್ ಪ್ರಯೋಗಗಳನ್ನು ನಡೆಸಿದ್ದ ರೋರಿ ಕಾಲಿನ್ಸ್ ಎರಡನ್ನೂ ಪೂರ್ತಿ ಹಿಂಪಡೆಯಿರಿ ಎಂದು ಪಟ್ಟು ಹಿಡಿದರು. 2014ರ ಮೇ ತಿಂಗಳಲ್ಲಿ ಪತ್ರಿಕೆ ಆ ಅಂಕಿಯನ್ನು ಮಾತ್ರ ತಪ್ಪೆಂದು ಹಿಂತೆಗೆದುಕೊಂಡಿತು; ಲೇಖನಗಳನ್ನು ತೆಗೆಯಬೇಕಿಲ್ಲ ಎಂದು ಸ್ವತಂತ್ರ ಸಮಿತಿಯೊಂದು ಆಮೇಲೆ ತೀರ್ಪು ಕೊಟ್ಟಿತು. ಅಂಕಿ ಬಂದದ್ದು ಬಾಸ್ಟನ್ನಿನ ಸುಮಾರು 1,08,000 ರೋಗಿಗಳ ದಾಖಲೆ ನೋಡಿದ ಒಂದು ಅಧ್ಯಯನದಿಂದ. ಅವರಲ್ಲಿ ನೂರಕ್ಕೆ 17 ಮಂದಿಯ ಕಡತದಲ್ಲಿ, ಸ್ಟಾಟಿನ್‌ನಿಂದ ಇರಬಹುದು ಎನ್ನಲಾದ ಏನೋ ಒಂದು ತೊಂದರೆ ದಾಖಲಾಗಿತ್ತು. ಅದು ಮಾತ್ರೆಯಿಂದಲೇ ಆಯಿತು ಎಂದು ಯಾರೂ ಸಾಬೀತು ಮಾಡಿರಲಿಲ್ಲ. ಅದೇ ಅಧ್ಯಯನದ ಇನ್ನೊಂದು ಸಾಲು ಯಾವ ವಿಡಿಯೊದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ: ಮಾತ್ರೆ ಬಿಟ್ಟು ಮತ್ತೆ ಶುರು ಮಾಡಿದವರಲ್ಲಿ ನೂರಕ್ಕೆ 92 ಮಂದಿ ಒಂದು ವರ್ಷದ ನಂತರವೂ ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದರು.

ಆಮೇಲೆ ಆದದ್ದು ಏನೆಂದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಟಿವಿ, ಪತ್ರಿಕೆಗಳಲ್ಲಿ ಆರು ತಿಂಗಳು ಇದೇ ಸುದ್ದಿ. ಅದರ ಪರಿಣಾಮವನ್ನು 2016ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು. ಹೊಸದಾಗಿ ಮಾತ್ರೆ ಶುರು ಮಾಡುವವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಯಾರ ಬಗ್ಗೆ ಜಗಳವಿತ್ತೋ ಅವರ ಮೇಲೆ ಏನೂ ಆಗಲಿಲ್ಲ. ಆದರೆ ಆಗಲೇ ತೆಗೆದುಕೊಳ್ಳುತ್ತಿದ್ದವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಿಟ್ಟಿರಬಹುದು ಎಂದು ಅಂದಾಜಾಯಿತು. ಒಮ್ಮೆ ಹಾರ್ಟ್ ಅಟ್ಯಾಕ್ ಆಗಿ ಉಳಿದವರೂ ಅವರಲ್ಲಿದ್ದರು. ಹತ್ತು ವರ್ಷ ತಡವಾಗಿ ಅದೇ ಬರೆ ಈಗ ಪುತ್ತೂರಿನಲ್ಲಿ ನಿಮ್ಮ ತಂದೆಗೆ ಬಿದ್ದಿದೆ.

ನಿಮ್ಮ ತಂದೆಯಂಥವರ ವಿಷಯದಲ್ಲಿ ಏಕೆ ಜಗಳವಿಲ್ಲ? ಒಂದು ಕಾಲದಲ್ಲಿ ಇತ್ತು. ಆಗ ಅನುಮಾನ ಪಟ್ಟವರು ಬುದ್ಧಿವಂತರೇ. 1978ರಲ್ಲಿ ಕ್ಲೋಫೈಬ್ರೇಟ್ ಎಂಬ ಔಷಧಿಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗದ ಫಲಿತಾಂಶ ಬಂದಾಗ, ಕೊಲೆಸ್ಟ್ರಾಲ್ ಇಳಿದಿತ್ತು, ಒಟ್ಟು ಸಾವು ಮಾತ್ರ ಹೆಚ್ಚಿತ್ತು. ಅಮೆರಿಕದ ಮಿನೆಸೊಟಾದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಊಟದಲ್ಲಿ ಬೆಣ್ಣೆಯಂಥ ಕೊಬ್ಬು ತೆಗೆದು ಮೆಕ್ಕೆಜೋಳದ ಎಣ್ಣೆ ಸೇರಿಸಿದ್ದ ಹಳೆಯ ಪ್ರಯೋಗವೂ ಹಾಗೆಯೇ: ಕೊಲೆಸ್ಟ್ರಾಲ್ ಇಳಿಯಿತು, ಜೀವ ಹೆಚ್ಚು ಉಳಿಯಲಿಲ್ಲ. ಅದರ ಪೂರ್ತಿ ಅಂಕಿ ಅಂಶ ಬೆಳಕಿಗೆ ಬಂದದ್ದು 2016ರಲ್ಲಿ. ಇವನ್ನು ಯಾರಾದರೂ ಎತ್ತಿ ಆಡಿದರೆ ಸುಳ್ಳೆಂದು ತಳ್ಳಿಹಾಕಬೇಡಿ, ನಿಜವೇ. ಬರೀ ನಂಬರ್ ಇಳಿಸಿದರೆ ಸಾಲದು, ಜೀವ ಉಳಿಯುತ್ತದೋ ಇಲ್ಲವೋ ತೋರಿಸಬೇಕು.

ಅದನ್ನು ತೋರಿಸಿದ್ದು 1994ರ ಸ್ಕ್ಯಾಂಡಿನೇವಿಯದ ಪ್ರಯೋಗ. ಆಗಲೇ ಹೃದಯದ ಕಾಯಿಲೆ ಇದ್ದ 4,444 ಜನ. ಅರ್ಧ ಜನಕ್ಕೆ ಸಿಂವಾಸ್ಟಾಟಿನ್, ಉಳಿದವರಿಗೆ ನೋಡಲು ಅದರಂತೆಯೇ ಇದ್ದ, ಔಷಧಿಯೇ ಇಲ್ಲದ ಹುಸಿಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಕೊಡುವ ವೈದ್ಯರಿಗೂ ಗೊತ್ತಿಲ್ಲ. ಐದೂವರೆ ವರ್ಷದ ಹತ್ತಿರ ಕಳೆದು ಲೆಕ್ಕ ಬಿಚ್ಚಿದಾಗ ಹುಸಿಮಾತ್ರೆಯ ಗುಂಪಿನಲ್ಲಿ 256 ಮಂದಿ ತೀರಿಕೊಂಡಿದ್ದರು, ಸ್ಟಾಟಿನ್ ಗುಂಪಿನಲ್ಲಿ 182. ಇಲ್ಲಿ ಎಣಿಸಿದ್ದು ಎಲ್ಲ ಕಾರಣದ ಸಾವನ್ನೂ. ಹೃದಯ ಉಳಿದು ಬೇರೆ ಏನೋ ಆಗಿ ಹೋದರು ಎನ್ನುವುದಕ್ಕೆ ಜಾಗ ಉಳಿಯಲಿಲ್ಲ.

ಇಲ್ಲೇ ಒಂದು ಕಣ್ಕಟ್ಟು ತಿಳಿದುಕೊಳ್ಳಿ, ಮುಂದೆ ಯಾವ ವಿಡಿಯೊ ನೋಡಿದರೂ ಉಪಯೋಗಕ್ಕೆ ಬರುತ್ತದೆ. ಇದೇ ಫಲಿತಾಂಶವನ್ನು ಕಂಪನಿಯವರು ‘ಸಾವು ಶೇ 30ರಷ್ಟು ಕಡಿಮೆ’ ಎನ್ನುತ್ತಾರೆ. ವಿರೋಧಿಗಳು ‘ನೂರಕ್ಕೆ ಮೂರು ಜನಕ್ಕಷ್ಟೇ ಲಾಭ’ ಎನ್ನುತ್ತಾರೆ. ಇಬ್ಬರ ಲೆಕ್ಕವೂ ಸರಿ. ಶೇ 11.5 ಇದ್ದದ್ದು 8.2ಕ್ಕೆ ಇಳಿಯಿತು, ಒಬ್ಬರು ಭಾಗಿಸಿದರು, ಇನ್ನೊಬ್ಬರು ಕಳೆದರು. ನನಗೆ ಕಳೆಯುವ ಲೆಕ್ಕವೇ ಇಷ್ಟ, ಏಕೆಂದರೆ ಅಪಾಯ ಎಷ್ಟಿತ್ತು ಎಂಬುದು ಅದರಲ್ಲಿ ಮರೆಯಾಗುವುದಿಲ್ಲ. ಅಪಾಯ ದೊಡ್ಡದಿದ್ದವರಿಗೆ ಲಾಭ ದೊಡ್ಡದು, ಚಿಕ್ಕದಿದ್ದವರಿಗೆ ಚಿಕ್ಕದು. ನಿಮ್ಮಿಬ್ಬರ ಉತ್ತರ ಬೇರೆಯಾಗುವುದು ಈ ಒಂದೇ ಕಾರಣಕ್ಕೆ.

ಕಂಪನಿಗಳ ದಂಧೆ ಎಂಬ ಮಾತಿಗೂ ಒಂದಿಷ್ಟು. ದುಡ್ಡು ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಮಾಡಿದ್ದಾರೆ, ಕಣ್ಣು ಕುಕ್ಕುವಷ್ಟು. ಕಾಲಿನ್ಸ್ ಅವರ ಆಕ್ಸ್‌ಫರ್ಡ್ ಗುಂಪು ತನ್ನ ಬಳಿಯಿರುವ ರೋಗಿಗಳ ಮೂಲ ದಾಖಲೆಗಳನ್ನು ಹೊರಗಿನವರಿಗೆ ತೋರಿಸುವುದಿಲ್ಲ ಎಂಬ ದೂರಿನಲ್ಲೂ ಹುರುಳಿದೆ. ದುಡ್ಡಿನ ವಾಸನೆ ಔಷಧಿ ಕಂಪನಿಗಳದ್ದಷ್ಟೇ ಅಲ್ಲ ಅನ್ನಿ: 1960ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮ, ದೋಷವನ್ನೆಲ್ಲ ಕೊಬ್ಬಿನ ತಲೆಗೆ ಕಟ್ಟಲು ಹಾರ್ವರ್ಡ್‌ನ ಸಂಶೋಧಕರಿಗೆ ಹಣ ಕೊಟ್ಟಿತ್ತೆಂದು 2016ರಲ್ಲಿ ಹೊರಬಂತು. ಆದರೆ ಯಾವ ಕಂಪನಿಯೂ ಕೈ ಹಾಕಲಾಗದ ಒಂದು ಪುರಾವೆ ಇದೆ. ಕೆಲವರಿಗೆ ಹುಟ್ಟಿನಿಂದಲೇ ಪಿಸಿಎಸ್‌ಕೆ9 ಎಂಬ ಜೀನ್ ಕೆಟ್ಟಿರುತ್ತದೆ. ಅಮೆರಿಕದ ಕಪ್ಪು ಜನರಲ್ಲಿ ಅಂಥವರನ್ನು ಹುಡುಕಿ 2006ರಲ್ಲಿ ವರದಿ ಮಾಡಿದರು. ಅವರ ಎಲ್‌ಡಿಎಲ್ ಇತರರಿಗಿಂತ ಶೇ 28 ಕಡಿಮೆ, ಹೃದಯದ ರಕ್ತನಾಳದ ಕಾಯಿಲೆ ಶೇ 88 ಕಡಿಮೆ. ಅವರಿಗೆ ಯಾರೂ ಮಾತ್ರೆ ಮಾರಿರಲಿಲ್ಲ. ಜೀವಮಾನವಿಡೀ ಎಲ್‌ಡಿಎಲ್ ಕಡಿಮೆ ಇದ್ದರೆ ಏನಾಗುತ್ತದೆ ಎಂದು ಪ್ರಕೃತಿಯೇ ಮಾಡಿ ತೋರಿಸಿದ ಪ್ರಯೋಗ ಅದು.

ಸ್ಟೆಂಟ್ ಹಾಕಿಸಿದ ಮೇಲೆ ಬ್ಲಾಕ್ ಹೋಯಿತಲ್ಲ, ಇನ್ನೇಕೆ ಮಾತ್ರೆ ಎಂದು ತುಂಬಾ ಜನ ಕೇಳುತ್ತಾರೆ. ನಿಮ್ಮ ತಂದೆಯವರ ಮನಸ್ಸಿನಲ್ಲೂ ಅದು ಇರಬಹುದು. ತೋಟದ ಪೈಪಿನಲ್ಲಿ ಕೆಸರು ಕಟ್ಟಿದ ಹಾಗೆ ಕೊಲೆಸ್ಟ್ರಾಲ್ ಕೂರುವುದಲ್ಲ. ಅದು ರಕ್ತನಾಳದ ಗೋಡೆಯ ಒಳಗೆ ಸೇರಿ ಕುರುವಿನಂತೆ ಬೆಳೆಯುತ್ತದೆ. ಆ ಕುರು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ಹಾರ್ಟ್ ಅಟ್ಯಾಕ್. ಸ್ಟೆಂಟ್ ಸರಿ ಮಾಡಿದ್ದು ಒಂದು ಜಾಗವನ್ನು. ಉಳಿದ ಕುರುಗಳು ಬಾಡಿ ಗಟ್ಟಿಯಾಗಲಿ ಎಂದೇ ಸ್ಟಾಟಿನ್.

ಈಗ ಕಾಲುನೋವು. ನಾನಾಗಿದ್ದರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಇದರ ಬಗ್ಗೆಯೇ ಅವರ ಜೊತೆ ಮಾತಾಡುತ್ತಿದ್ದೆ. ‘ಅದೆಲ್ಲ ನಿಮ್ಮ ಭ್ರಮೆ’ ಎಂದು ವೈದ್ಯರು ಅಂದರೆ ರೋಗಿ ನೇರ ಯೂಟ್ಯೂಬ್‌ಗೆ ಹೋಗುತ್ತಾನೆ, ಹೋಗಲೇಬೇಕು. ಸ್ನಾಯುನೋವು ಸ್ಟಾಟಿನ್ ಹುಟ್ಟಿದ ದಿನದಿಂದ ಇದೆ. ಜಪಾನಿನ ಅಕಿರಾ ಎಂಡೊ 1970ರ ದಶಕದ ಆರಂಭದಲ್ಲಿ ಆರು ಸಾವಿರಕ್ಕೂ ಹೆಚ್ಚು ಬೂಷ್ಟುಗಳನ್ನು ಪರೀಕ್ಷಿಸಿ, ಕ್ಯೋಟೊದ ದಿನಸಿ ಅಂಗಡಿಯೊಂದರ ಅಕ್ಕಿಯಲ್ಲಿ ಸಿಕ್ಕಿದ ನೀಲಿ-ಹಸಿರು ಬೂಷ್ಟಿನಿಂದ ಮೊದಲ ಸ್ಟಾಟಿನ್ ತೆಗೆದರು. ಒಸಾಕಾದಲ್ಲಿ ಅದನ್ನು ಮೊದಲು ಕೊಟ್ಟದ್ದು ವಂಶದಲ್ಲೇ ಕೊಲೆಸ್ಟ್ರಾಲ್ ವಿಪರೀತ ಇದ್ದ 18ರ ಹುಡುಗಿಗೆ. ಕೊಲೆಸ್ಟ್ರಾಲ್ ಇಳಿಯಿತು, ಜೊತೆಗೆ ಸ್ನಾಯುಗಳ ಶಕ್ತಿ ಕುಂದಿತು. ನಿಲ್ಲಿಸಿ, ಪ್ರಮಾಣ ಇಳಿಸಿ ಮತ್ತೆ ಕೊಟ್ಟರು. ಮುಂದೆ ಸೆರಿವಾಸ್ಟಾಟಿನ್ ಎಂಬುದೊಂದು ಸ್ನಾಯುಗಳನ್ನೇ ಕರಗಿಸಿ ಜೀವ ತೆಗೆದದ್ದೂ ಉಂಟು. 2001ರ ಆಗಸ್ಟ್‌ನಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸ್ ಪಡೆದರು. ಹಾಗಾಗಿ ನೋವು ಎಂದರೆ ನಾವು ಕೇಳಿಸಿಕೊಳ್ಳಬೇಕು.

ಆದರೆ ಎಷ್ಟು ನೋವು ಮಾತ್ರೆಯದು? ಲಂಡನ್ನಿನಲ್ಲಿ ಒಂದು ಚಂದದ ಪ್ರಯೋಗ ಮಾಡಿದರು, ಫಲಿತಾಂಶ 2020ರಲ್ಲಿ ಬಂತು. ತೊಂದರೆಯಾಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಹನ್ನೆರಡು ಬಾಟಲಿ ಕೊಟ್ಟರು, ತಿಂಗಳಿಗೊಂದು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಹುಸಿಮಾತ್ರೆ, ನಾಲ್ಕು ಖಾಲಿ. ದಿನಾ ತಮ್ಮ ತೊಂದರೆಗೆ ತಾವೇ ನೂರಕ್ಕೆ ಅಂಕ ಕೊಡಬೇಕು. ಖಾಲಿ ತಿಂಗಳುಗಳಲ್ಲಿ ಸರಾಸರಿ 8, ಸ್ಟಾಟಿನ್ ತಿಂಗಳುಗಳಲ್ಲಿ 16.3. ಹುಸಿಮಾತ್ರೆಯ ತಿಂಗಳುಗಳಲ್ಲಿ 15.4! ನೋವು ಸುಳ್ಳಲ್ಲ, ಅವರು ನಿಜವಾಗಿ ಅನುಭವಿಸಿದ್ದರು. ಮಾತ್ರೆ ನುಂಗುತ್ತಿದ್ದೇನೆ ಎಂಬ ಭಯವೇ ಅದರ ಬಹುಪಾಲನ್ನು ತಂದಿತ್ತು. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅರ್ಧ ಜನ ಮಾತ್ರೆ ಮತ್ತೆ ಶುರು ಮಾಡಿದ್ದರು.

ನಿಮ್ಮ ತಂದೆಯವರನ್ನು ಹೀಗೆ ಕೇಳಿ. ನೋವು ಎಲ್ಲಿತ್ತು, ಮೊಣಕಾಲಿನ ಕೀಲಿನಲ್ಲೋ ತೊಡೆಯ ಮಾಂಸದಲ್ಲೋ? ಎರಡೂ ಕಾಲಿಗೋ ಒಂದಕ್ಕೋ? ಮಾತ್ರೆ ಶುರು ಮಾಡಿದ ಕೆಲವು ವಾರದಲ್ಲೇ ಬಂತೋ, ವರ್ಷ ಕಳೆದ ಮೇಲೋ? ಸ್ಟಾಟಿನ್ ನೋವು ಸಾಮಾನ್ಯವಾಗಿ ಎರಡೂ ಕಡೆಯ ದೊಡ್ಡ ಸ್ನಾಯುಗಳಲ್ಲಿ, ಶುರುವಿನ ದಿನಗಳಲ್ಲಿ ಬರುತ್ತದೆ. ಇನ್ನೊಂದು ಮುಖ್ಯ ಪ್ರಶ್ನೆ: ತೋಟದ ಏರು ಹತ್ತುವಾಗ ಮೀನಖಂಡ ಹಿಡಿದುಕೊಂಡು, ನಿಂತ ಕೂಡಲೇ ಬಿಡುತ್ತಿತ್ತೇ? ಹಾಗಿದ್ದರೆ ಅದು ಮಾತ್ರೆಯ ನೋವಲ್ಲದೆ ಕಾಲಿನ ರಕ್ತನಾಳದ ಬ್ಲಾಕ್ ಇರಬಹುದು. ಅಂಥವರಿಗೆ ಸ್ಟಾಟಿನ್ ಇನ್ನಷ್ಟು ಬೇಕು. ನೋವು ಮಾತ್ರೆಯದೇ ಎಂದಾದರೂ ದಾರಿಗಳಿವೆ. ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಸಿಪಿಕೆ ಎಂಬ ರಕ್ತಪರೀಕ್ಷೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಪ್ರಮಾಣ ಇಳಿಸಬಹುದು, ರೋಸುವಾಸ್ಟಾಟಿನ್‌ಗೆ ಬದಲಾಯಿಸಬಹುದು, ಎಜೆಟಿಮೈಬ್ ಎಂಬ ಬೇರೆ ಬಗೆಯ ಕೊಲೆಸ್ಟ್ರಾಲ್ ಮಾತ್ರೆ ಜೋಡಿಸಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಅಪರೂಪ, ಆದರೂ ಹೇಳಿರುತ್ತೇನೆ.

ಶುಗರ್ ಬರುತ್ತದಂತೆ ಎನ್ನುವುದೂ ಗಾಳಿಸುದ್ದಿಯಲ್ಲ. 2010ರ ಒಂದು ಲೆಕ್ಕದಂತೆ 255 ಜನ ನಾಲ್ಕು ವರ್ಷ ಸ್ಟಾಟಿನ್ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಮಧುಮೇಹ ಬರುತ್ತದೆ, ಹೆಚ್ಚಾಗಿ ಅದರ ಅಂಚಿನಲ್ಲಿ ಆಗಲೇ ನಿಂತಿದ್ದವರಿಗೆ. ನಿಮ್ಮ ತಂದೆಯವರಿಗೆ ಆ ಬೆಲೆ ತೆತ್ತರೂ ಲಾಭವೇ.

ತೆಂಗಿನೆಣ್ಣೆಯ ಬಗ್ಗೆ ಕರಾವಳಿಯವರಿಗೆ ಬೇಜಾರಾಗದಂತೆ ಹೇಳುವುದು ಕಷ್ಟ. ಅದರಲ್ಲಿ ಶೇ 90ರ ಹತ್ತಿರ ಪರ್ಯಾಪ್ತ, ಅಂದರೆ ವೈದ್ಯರು ಸ್ಯಾಚುರೇಟೆಡ್ ಎನ್ನುವ ಕೊಬ್ಬು, ತುಪ್ಪದಲ್ಲೂ ಅಷ್ಟಿಲ್ಲ. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2020ರ ವಿಶ್ಲೇಷಣೆಯಲ್ಲಿ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಅಂಶ ಏರಿಸಿತು. ಆದರೆ ಕೇರಳದಲ್ಲಿ 200 ಹೃದ್ರೋಗಿಗಳಿಗೆ ಎರಡು ವರ್ಷ ಅಡುಗೆಗೆ ತೆಂಗಿನೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಕೊಟ್ಟು ನೋಡಿದ 2016ರ ಅಧ್ಯಯನದಲ್ಲಿ ವ್ಯತ್ಯಾಸ ಸಿಗಲಿಲ್ಲ. ಇದನ್ನೂ ವಿಡಿಯೊಗಳು ಹಾಡಿ ಹೊಗಳುತ್ತವೆ. ಅವರು ಬಿಟ್ಟುಬಿಡುವ ವಿಷಯ, ಆ ರೋಗಿಗಳು ಹೃದ್ರೋಗಕ್ಕೆ ಕೊಡುವ ಮಾಮೂಲಿ ಔಷಧಿಗಳ ಮೇಲಿದ್ದರು ಎಂಬುದು. ಆದ್ದರಿಂದ ನನ್ನ ಮಾತು ಇಷ್ಟೇ. ಪಲ್ಯಕ್ಕೆ ಒಗ್ಗರಣೆ ತೆಂಗಿನೆಣ್ಣೆಯಲ್ಲಿ ಹಾಕಲಿ, ಸಾಂಬಾರಿಗೆ ತೆಂಗಿನಕಾಯಿ ಅರೆಯಲಿ, ಅಳತೆಯಲ್ಲಿರಲಿ. ಬೆಳಿಗ್ಗೆ ಎದ್ದು ಚಮಚದಲ್ಲಿ ಕುಡಿಯುವುದು ಇವತ್ತೇ ನಿಲ್ಲಲಿ. ನಿಮ್ಮ ಅಜ್ಜ ತೆಂಗಿನೆಣ್ಣೆ ತಿಂದು 85 ಬದುಕಿದ್ದರೆ, ಅವರು ಅದನ್ನು ಲೋಟದಲ್ಲಿ ಕುಡಿದಿರಲಿಲ್ಲ, ಅಡಿಕೆ ಮರವನ್ನೂ ತಾವೇ ಹತ್ತಿದ್ದರು.

ಉಳಿದ ಊಟದಲ್ಲಿ ನಮ್ಮವರ ತೊಂದರೆ ಎಣ್ಣೆಗಿಂತ ಅನ್ನದ ರಾಶಿ. ಭಾರತೀಯರ ಊಟದಲ್ಲಿ ಶೇ 62ರಷ್ಟು ಶಕ್ತಿ ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥವುಗಳಿಂದ ಎಂದು ಐಸಿಎಂಆರ್‌ನ ಅಧ್ಯಯನ ಹೇಳುತ್ತದೆ. ಕುಚ್ಚಲಕ್ಕಿಯಾದರೂ ರಾಶಿ ರಾಶಿಯೇ. ಅನ್ನದ ಕಾಲುಭಾಗ ತೆಗೆದು ಆ ಜಾಗದಲ್ಲಿ ಹೆಸರುಕಾಳೋ ಕಡಲೆಯೋ ಬಸಳೆಯೋ ಬರಲಿ. ಮೀನು ತಿನ್ನುವ ಮನೆಯಾದರೆ ಬೂತಾಯಿ, ಬಂಗುಡೆ ಒಳ್ಳೆಯದು, ಸಾರಿನಲ್ಲಿ. ರವೆ ಫ್ರೈಯಲ್ಲಿ ಅಲ್ಲ. ಸಂಜೆಯ ಬೇಕರಿ ಪಫ್ಸ್, ಖಾರ ಕಡ್ಡಿ ಕಡಿಮೆಯಾಗಲಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಇದ್ದರೆ ಅದು ಪೂರ್ತಿ ಹೋಗಲೇಬೇಕು, ಅದಕ್ಕೆ ಅಳತೆಯ ಮಾತಿಲ್ಲ. ಇಷ್ಟೆಲ್ಲ ಮಾಡಿದರೂ ಊಟದಿಂದ ಇಳಿಯುವ ಎಲ್‌ಡಿಎಲ್ ಸ್ವಲ್ಪವೇ. 141ನ್ನು 68ಕ್ಕೆ ತರುವ ಪಥ್ಯ ನನಗೆ ಗೊತ್ತಿಲ್ಲ.

ಇನ್ನು ನೀವು. ಹೃದಯದ ಕಾಯಿಲೆಯಿಲ್ಲ, ಬಿಪಿ ಇಲ್ಲ, ಶುಗರ್ ಇಲ್ಲ, 34 ವರ್ಷ. ಬ್ರಿಟನ್ನಿನ ಆ ಜಗಳ ನಿಮ್ಮದೇ ಪರವಾಗಿ ನಡೆದದ್ದು, ಮತ್ತು ನಿಮ್ಮ ವಿಷಯದಲ್ಲಿ ಅನುಮಾನಿಗಳ ಕಡೆಗೇ ನನ್ನ ಮತ. ಈಗ ಮಾತ್ರೆ ಬೇಡ. ತಂದೆಗೆ ಅಟ್ಯಾಕ್ ಆದದ್ದು 59ರಲ್ಲಿ. ಗಂಡಸರಿಗೆ 55ರ ಒಳಗೆ ಆಗಿದ್ದರೆ ಅದನ್ನು ವಂಶದ ಅಪಾಯವೆಂದು ಎಣಿಸುತ್ತೇವೆ, ಇದು ಆ ಗೆರೆಯ ಆಚೆಗಿದೆ. ಆದರೂ ಒಂದು ಪರೀಕ್ಷೆ ಮಾಡಿಸಿ: ಲೈಪೊಪ್ರೊಟೀನ್ ಎ, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಬಗೆಯ ಕಣ. ಲ್ಯಾಬಿನವರು ಎಲ್‌ಪಿ-ಎ ಎನ್ನುತ್ತಾರೆ. ಇದು ಹುಟ್ಟಿನಿಂದಲೇ ನಿಗದಿಯಾಗಿರುವುದರಿಂದ ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು, ನಮ್ಮ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಅದು ತುಂಬಾ ಹೆಚ್ಚು ಬಂದರೆ ನನ್ನ ಉತ್ತರ ಬದಲಾಗಬಹುದು, ಆಗ ವೈದ್ಯರನ್ನು ನೋಡಿ. ಇಲ್ಲದಿದ್ದರೆ ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಿಕೊಂಡು ನಡೆದಾಡಿಕೊಂಡಿರಿ. ನಲವತ್ತಕ್ಕೆ ಮತ್ತೆ ಲೆಕ್ಕ ಹಾಕೋಣ.

ತಂದೆಯವರ ಜೊತೆ ವಾದಕ್ಕೆ ಇಳಿಯಬೇಡಿ. ವಿಡಿಯೊ ಸುಳ್ಳು ಎಂದರೆ ಅವರಿಗೆ ಅವಮಾನವಾಗುತ್ತದೆ. ‘ಅಪ್ಪ, ಅದರಲ್ಲಿ ಹೇಳಿದ್ದು ನನಗೆ, ನಿಮಗಲ್ಲ’ ಎಂದು ನಿಮ್ಮ ರಿಪೋರ್ಟನ್ನೂ ಅವರ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಕೆಮಿಕಲ್ ಎಂದು ಮುಖ ಸಿಂಡರಿಸಿದರೆ ಕ್ಯೋಟೊದ ಅಕ್ಕಿಯ ಬೂಷ್ಟಿನ ಕಥೆ ಹೇಳಿ. ಕೃಷಿಕರಿಗೆ ಅದು ಹಿಡಿಸುತ್ತದೆ, ಎಂಡೊ ಕೂಡ ಅಕಿಟಾದ ರೈತರ ಮನೆಯ ಹುಡುಗ. ಮಾತ್ರೆ ಶುರುವಾಗಿ ಆರರಿಂದ ಎಂಟು ವಾರಕ್ಕೆ ಲಿಪಿಡ್ ಪ್ರೊಫೈಲ್ ಮಾಡಿಸಿ. ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದೇನಿಲ್ಲ. ಸ್ಟೆಂಟ್ ಆದವರಿಗೆ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು ಎನ್ನುತ್ತದೆ ಅದೇ ಮಾರ್ಗಸೂಚಿ, ಆದ್ದರಿಂದ ಹಳೆಯ 68 ಕೂಡ ಸಾಲದು. ಎಜೆಟಿಮೈಬ್ ಸೇರಿಸುವ ಬಗ್ಗೆ ಆಗ ವೈದ್ಯರನ್ನು ಕೇಳಿ.